ಹತ್ತು ವರ್ಷ ಅನುಭವ ದಾಟಿದ ಡೆವಲಪರ್‌ಗಳೇ, ಕೆಲಸ ಹುಡುಕುವಾಗ ಹಳೆ ಪರಿಚಯದವರನ್ನು ಹೇಗೆ ಮಾತನಾಡಿಸುತ್ತೀರಿ?

ಹಳೇಕೋಡು
ಎಲ್ಲರಿಗೂ ನಮಸ್ಕಾರ. ನಾನು ಬ್ಯಾಕೆಂಡ್ ಡೆವಲಪರ್. ಜಾವಾ ಜಾಸ್ತಿ, ಗೋ ಭಾಷೆ ಸ್ವಲ್ಪ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ಸರ್ವೀಸ್‌ಗಳ ಮಧ್ಯೆ ಮೆಸೇಜ್ ಸಾಗಿಸುವ ಕಾಫ್ಕಾ ಜೊತೆ ಚೆನ್ನಾಗಿಯೇ ಏಗಿದ್ದೇನೆ. ಅನುಭವ ಹತ್ತು ವರ್ಷ ದಾಟಿದೆ, ಬಹುಪಾಲು ಒಂದೇ ಕಡೆ. ಈಗ ನಮ್ಮ ಇಡೀ ಟೀಮನ್ನೇ ತೆಗೆದುಹಾಕಿದರು. ಮ್ಯಾನೇಜರ್‌ಗೂ ಮೊದಲೇ ಗೊತ್ತಿರಲಿಲ್ಲವಂತೆ, ಅವರೂ ನಮ್ಮ ಜೊತೆಗೇ ಹೊರಗೆ.

ಕಂಡ ಕಂಡಲ್ಲಿ ಅರ್ಜಿ ಹಾಕುತ್ತಿದ್ದೇನೆ. ಅರ್ಧಕ್ಕೆ ಉತ್ತರವೇ ಇಲ್ಲ. ಉಳಿದವಕ್ಕೆ "ನಿಮ್ಮ ಆಸಕ್ತಿಗೆ ಧನ್ಯವಾದ, ಆದರೆ..." ಎಂಬ ಮೇಲ್, ಕೆಲವಂತೂ ಅರ್ಜಿ ಹಾಕಿ ಐದು ನಿಮಿಷ ಆಗುವುದರೊಳಗೆ. ಯಾರನ್ನು ಕೇಳಿದರೂ "ನೆಟ್‌ವರ್ಕಿಂಗ್ ಮಾಡು" ಅನ್ನುತ್ತಾರೆ. ಹಾಗಂದರೆ ಬೆಳಿಗ್ಗೆ ಎದ್ದು ಕೂತು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ನೂರಾರು ಜನ ಇದ್ದಾರೆ, ಅರ್ಧ ಜನ ಯಾರು ಅಂತ ನನಗೇ ನೆನಪಿಲ್ಲ. ನೆನಪಿರುವವರ ಜೊತೆ ಮಾತಾಡಿ ವರ್ಷಗಳಾಗಿವೆ. ಈಗ ಏಕಾಏಕಿ ಹೋಗಿ "ಹೇಗಿದ್ದೀಯ, ನಿಮ್ಮಲ್ಲಿ ಕೆಲಸ ಇದೆಯಾ" ಅಂತ ಕೇಳಿದರೆ, ಕೆಲಸ ಬೇಕಾದಾಗ ಮಾತ್ರ ನೆನಪಾದೆನಾ ಅಂದುಕೊಳ್ಳುವುದಿಲ್ಲವಾ?

ನಲ್‌ಪಾಯಿಂಟರ್
ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ಕೇಳಿ.

ಟೆಸ್ಟರಮ್ಮ
ಅಂದುಕೊಳ್ಳುವುದೂ ಇಲ್ಲ ಮಾರಾಯ್ರೇ. ತಿರುಗಿಸಿ ನೋಡಿ. ನಿಮ್ಮ ಹಳೆ ಟೀಮಿನ ಒಬ್ಬರು ಇವತ್ತು ನಿಮಗೆ ಹಾಗೆ ಮೆಸೇಜ್ ಹಾಕಿದರೆ ಸಿಟ್ಟು ಬರುತ್ತದಾ? "ಅಯ್ಯೋ ಪಾಪ, ಒಳ್ಳೆ ಕೆಲಸಗಾರ, ಎಲ್ಲಾದರೂ ಇದೆಯಾ ನೋಡೋಣ" ಅಂತ ತಾನೇ ಅನ್ನಿಸುವುದು? ಪ್ರೊಡಕ್ಷನ್ ಮಲಗಿದ ರಾತ್ರಿ ಜೊತೆಗೆ ಕೂತವರನ್ನು ಯಾರೂ ಮರೆಯುವುದಿಲ್ಲ. ಸಿಟ್ಟು ಬರುವುದು ಹೆಸರೂ ಗೊತ್ತಿಲ್ಲದವರು ಬಂದು "ದಯವಿಟ್ಟು ರೆಫರ್ ಮಾಡಿ ಸರ್" ಅಂತ ರೆಸ್ಯೂಮೆ ಎಸೆದು ಹೋದಾಗ. ನಾನು ಮೇಡಂ, ಅದು ಬೇರೆ ವಿಷಯ.

ಮಧ್ಯರಾತ್ರಿ_ಡಿಪ್ಲಾಯ್
ಕೆಲಸಕ್ಕೆ ತೆಗೆದುಕೊಳ್ಳುವ ಕಡೆ ಕೂತವನಾಗಿ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಉದ್ದ ಆದರೆ ಕ್ಷಮಿಸಿ.

ನನ್ನ ಟೀಮಿಗೆ ಒಬ್ಬರು ಸೀನಿಯರ್ ಬೇಕು ಅಂತ ಒಪ್ಪಿಗೆ ಸಿಕ್ಕಿತು ಅಂದುಕೊಳ್ಳಿ. ಜಾಹೀರಾತು ಬರೆಯುವುದಕ್ಕಿಂತ ಮೊದಲು ನಾನು ಮಾಡುವುದು ಒಂದೇ ಕೆಲಸ. ಟೀಮಿನ ಚಾಟ್‌ನಲ್ಲಿ "ಯಾರಾದರೂ ಗೊತ್ತಾ?" ಅಂತ ಹಾಕುತ್ತೇನೆ. ಆ ಹೊತ್ತಿಗೆ ಯಾರದಾದರೂ ತಲೆಗೆ ನಿಮ್ಮ ಹೆಸರು ಬರಬೇಕು. ನೀವು ಮನೆಯಲ್ಲಿ ಕೂತಿದ್ದೀರಿ ಅಂತ ಅವರಿಗೆ ಗೊತ್ತೇ ಇಲ್ಲದಿದ್ದರೆ ಹೇಗೆ ಬರುತ್ತದೆ? ನೀವು ಎಲ್ಲೋ ಆರಾಮಾಗಿದ್ದೀರಿ ಅಂತಲೇ ಅವರು ಅಂದುಕೊಂಡಿರುತ್ತಾರೆ.

ಆಮೇಲೆ ಜಾಹೀರಾತು ಹೊರಗೆ ಹೋಗುತ್ತದೆ. ಒಂದೆರಡು ದಿನದಲ್ಲಿ ನೂರಾರು ಅರ್ಜಿ. ರಿಕ್ರೂಟರ್ ಎಲ್ಲವನ್ನೂ ಓದುವುದಿಲ್ಲ. ಮೇಲಿನಿಂದ ನೋಡುತ್ತಾ ಹೋಗುತ್ತಾರೆ, ಫೋನ್ ಮಾಡಲು ಸಾಕಷ್ಟು ಜನ ಸಿಕ್ಕರು ಅಂದ ಕೂಡಲೇ ನಿಲ್ಲಿಸುತ್ತಾರೆ. ಕೆಳಗಿದ್ದವರು ಕೆಟ್ಟವರು ಅಂತಲ್ಲ, ಅಲ್ಲಿಗೆ ಯಾರೂ ಹೋಗಲೇ ಇಲ್ಲ ಅಷ್ಟೇ. ರೆಫರಲ್, ಅಂದರೆ ಒಳಗಿನವರ ಶಿಫಾರಸು, ಇರುವ ಅರ್ಜಿಗಳು ಬೇರೆ ಸಾಲಿನಲ್ಲಿ ಕಾಣುತ್ತವೆ, ಅವನ್ನು ಒಬ್ಬ ಮನುಷ್ಯ ತೆರೆದು ಓದುತ್ತಾನೆ. ರೆಫರಲ್‌ನಿಂದ ಸಿಗುವುದು ಇಷ್ಟೇ. ಇಂಟರ್‌ವ್ಯೂ ನೀವೇ ಪಾಸಾಗಬೇಕು.

ಇನ್ನೊಂದು. ನಮ್ಮ ರೆಫರಲ್ ಫಾರ್ಮಿನಲ್ಲಿ ಮೂರು ಪ್ರಶ್ನೆ ಇವೆ: ಇವರು ಹೇಗೆ ಗೊತ್ತು, ಜೊತೆಗೆ ಕೆಲಸ ಮಾಡಿದ್ದೀರಾ, ಯಾಕೆ ಹೇಳುತ್ತಿದ್ದೀರಿ. "ಲಿಂಕ್ಡ್‌ಇನ್ ಪರಿಚಯ" ಅಂತ ಬರೆದರೆ ಅದು ಸಾದಾ ಅರ್ಜಿಗೆ ಸಮ. "ಒಂದೇ ಟೀಮಿನಲ್ಲಿದ್ದೆವು, ಬಿಲ್ಲಿಂಗನ್ನು ಹಳೆ ಸಿಸ್ಟಮ್‌ನಿಂದ ಒಂದು ದಿನವೂ ನಿಲ್ಲಿಸದೆ ಹೊರಗೆ ತಂದದ್ದು ಇವರು" ಅಂತ ಇದ್ದರೆ ನಾನೇ ರಿಕ್ರೂಟರ್‌ಗೆ ಫೋನ್ ಮಾಡುತ್ತೇನೆ.

ಸಿಪ್ರೇಮಿ
ಹಾಗಾದರೆ ವಶೀಲಿ ಅಂತ ನೇರವಾಗಿ ಹೇಳಿ. ಚೆನ್ನಾಗಿ ಕೋಡ್ ಬರೆಯುವವನಿಗಿಂತ ನಾಲ್ಕು ಜನರ ಪರಿಚಯ ಇರುವವನಿಗೆ ಬೆಲೆ. ನಾನು ಇಷ್ಟು ವರ್ಷ ತಲೆ ಬಗ್ಗಿಸಿ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಕೂತು ಓಡುವ ಕೋಡ್, ಬರೆದವನು, ಯಾರ ಹತ್ತಿರವೂ ಹಲ್ಲು ಗಿಂಜಿದವನಲ್ಲ. ಈಗ ಕಲಿಯಬೇಕಾ?

ಮಧ್ಯರಾತ್ರಿ_ಡಿಪ್ಲಾಯ್
ವಶೀಲಿ ಅಂದರೆ ಯೋಗ್ಯತೆ ಇಲ್ಲದವನನ್ನು ತೂರಿಸುವುದು. ನಾನು ಹೇಳಿದ್ದು ಜೊತೆಗೆ ಕೆಲಸ ಮಾಡಿದವರ ಸಾಕ್ಷಿ. ಒಂದು ಗಂಟೆಯ ಇಂಟರ್‌ವ್ಯೂನಲ್ಲಿ ನಿಮ್ಮ ಫರ್ಮ್‌ವೇರ್ ಹೇಗಿದೆ ಅಂತ ನನಗೆ ಗೊತ್ತಾಗುವುದಿಲ್ಲ. ನಿಮ್ಮ ಪಕ್ಕದಲ್ಲಿ ಕೂತು ಲಾಜಿಕ್ ಅನಲೈಜರ್ ನೋಡಿದವನಿಗೆ ಗೊತ್ತು.

ಟೆಸ್ಟರಮ್ಮ
ಎರಡೂ ಸತ್ಯ ಅನ್ನಿಸುತ್ತದೆ ನನಗೆ. ಒಂದೇ ತರಹದ ಜನ ತಮ್ಮಂಥವರನ್ನೇ ಕರೆದುಕೊಂಡು ಬಂದು ಇಡೀ ಟೀಮು ಒಂದೇ ಕಾಲೇಜು, ಒಂದೇ ಹಳೆ ಕಂಪನಿ ಆಗಿದ್ದನ್ನು ನೋಡಿದ್ದೇನೆ. ಮಕ್ಕಳಾದ ಮೇಲೆ ಸ್ವಲ್ಪ ಕಾಲ ಹೊರಗಿದ್ದ ಹೆಂಗಸರಿಗೆ ಇದು ಎಷ್ಟು ಕಷ್ಟ ಗೊತ್ತಾ? "ಯಾರಾದರೂ ಗೊತ್ತಾ" ಅಂತ ಕೇಳಿದಾಗ ಯಾರ ಬಾಯಿಗೂ ನಮ್ಮ ಹೆಸರು ಬರುವುದಿಲ್ಲ. ಅದು ಸರಿಯಲ್ಲ. ಆದರೆ ಸರಿಯಾಗುವವರೆಗೆ ಕಾಯುತ್ತಾ ಕೂತರೆ ಕೆಲಸ ಸಿಗುವುದಿಲ್ಲವಲ್ಲ.

ಸಿಪ್ರೇಮಿ
ಇದನ್ನು ಒಪ್ಪುತ್ತೇನೆ. ಮೊದಲನೆಯದನ್ನಲ್ಲ.

ಓದುಗೂಡು
ಮಾರ್ಕ್ ಗ್ರಾನೊವೆಟರ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನು ಬರೆದಿದ್ದಾರೆ. ಕೆಲಸ ಸಿಗುವುದು ಅಪರಿಚಿತರಿಂದ, ಸ್ನೇಹಿತರಿಂದ ಅಲ್ಲ ಅಂತ. ಹಾಗಾಗಿ ಹಳೆ ಸಹೋದ್ಯೋಗಿಗಳನ್ನು ಬಿಡಿ, ಹೊಸಬರನ್ನು ಹುಡುಕಿ.

ಸಾಲುಸಾಲು_ಲಾಗ್
ತಪ್ಪಾಗಿ ಹೇಳುತ್ತಿದ್ದೀರಿ. ಅಪರಿಚಿತರು ಅಲ್ಲ, ಅಪರೂಪಕ್ಕೆ ಸಿಗುವ ಪರಿಚಯದವರು. ಅಮೆರಿಕದ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ಕೇಳಿದ್ದು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು 16.7%. ಯಾವಾಗಲಾದರೂ ಭೇಟಿಯಾಗುತ್ತಿದ್ದವರು 55.6%. ಅಪರೂಪಕ್ಕೆ, ಅಂದರೆ ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ, 27.8%. ಎಷ್ಟೋ ಜನರ ವಿಷಯದಲ್ಲಿ ಸುದ್ದಿ ಕೊಟ್ಟವರು ಹಳೆ ಸಹೋದ್ಯೋಗಿಗಳು, ಹಳೆ ಮೇಲಧಿಕಾರಿಗಳು, ಸಂಪರ್ಕವೇ ಸಡಿಲ ಆಗಿದ್ದವರು. ಅಂದರೆ ಹಳೇಕೋಡು ಯಾರಿಗೆ ಮೆಸೇಜ್ ಹಾಕಲು ಮುಜುಗರ ಪಡುತ್ತಿದ್ದಾರೋ ಸರಿಯಾಗಿ ಅವರೇ. ಕಾರಣವೂ ಸುಲಭ. ದಿನಾ ಮಾತಾಡುವ ಸ್ನೇಹಿತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಬೇರೆ ಕಡೆ ಹೋದವರಿಗೆ ಬೇರೆ ಸುದ್ದಿ ಗೊತ್ತಿರುತ್ತದೆ.

ಆದರೆ ಆ ಸಮೀಕ್ಷೆ ಚಿಕ್ಕದು, ಈ ಲೆಕ್ಕ ಬರೀ 54 ಜನರದ್ದು. ಇಂಟರ್‌ನೆಟ್ ಬರುವ ಮೊದಲಿನದು.

ಓದುಗೂಡು
ಸರಿ ಸರಿ. ದೊಡ್ಡ ಸಮೀಕ್ಷೆ ಬೇಕಾದರೆ ಅದೂ ಇದೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ ಐದು ವರ್ಷ ನಡೆದ ಪ್ರಯೋಗ. "ಇವರು ನಿಮಗೆ ಗೊತ್ತಿರಬಹುದು" ಅಂತ ತೋರಿಸುತ್ತದಲ್ಲ, ಅಲ್ಲಿ ಯಾರಿಗೆ ಯಾರನ್ನು ತೋರಿಸಬೇಕು ಅನ್ನುವುದನ್ನು ಬೇಕೆಂದೇ ಬದಲಿಸಿ ನೋಡಿದರು. ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದವರಿಂದಲೇ ಕೆಲಸ ಬದಲಾವಣೆ ಜಾಸ್ತಿ ಆಯಿತು. ತೀರಾ ದೂರದವರಿಂದ ಅಷ್ಟು ಇಲ್ಲ. ಸಾಫ್ಟ್‌ವೇರ್‌ನಂಥ ಡಿಜಿಟಲ್ ಕ್ಷೇತ್ರದಲ್ಲಿ ಇದು ಇನ್ನೂ ಸ್ಪಷ್ಟವಾಗಿತ್ತು.

ಸಿಪ್ರೇಮಿ
ಒಂದು ನಿಮಿಷ. ಹೊಟ್ಟೆಪಾಡಿನ ವಿಷಯದಲ್ಲಿ 2 ಕೋಟಿ ಜನರನ್ನು ಕೇಳದೆ ಪ್ರಯೋಗಕ್ಕೆ ಇಟ್ಟರಾ? ಯಾರಿಗೋ ಬೇಕೆಂದೇ ಉಪಯೋಗ ಇಲ್ಲದ ಜನರನ್ನು ತೋರಿಸಿದರು ಅಂತ ಆಯಿತಲ್ಲ.

ನಲ್‌ಪಾಯಿಂಟರ್
ನಿಯಮಾವಳಿಗೆ ಒಪ್ಪಿಗೆ ಒತ್ತಿದ್ದೀರಿ. ಓದಿರುವುದಿಲ್ಲ, ಒತ್ತಿರುತ್ತೀರಿ.

ಸಿಪ್ರೇಮಿ
ನಾನು ಖಾತೆಯನ್ನೇ ತೆರೆದಿಲ್ಲ.

ನಲ್‌ಪಾಯಿಂಟರ್
ಅದಕ್ಕೇ ಫರ್ಮ್‌ವೇರ್ ಬರೆಯುತ್ತಾ ತಲೆ ಬಗ್ಗಿಸಿ ಕೂತಿದ್ದೀರಿ :)

ಎರಡನೇ_ಇನ್ನಿಂಗ್ಸ್
ಜಗಳ ಆಮೇಲೆ ಆಡಿ. ಹಳೇಕೋಡು, ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಕೇಳಿದಿರಲ್ಲ, ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಹಾಳೆ ತೆಗೆದುಕೊಂಡು ಜೊತೆಗೆ ಕೆಲಸ ಮಾಡಿದವರ ಹೆಸರು ಬರೆಯಿರಿ. ಲಿಂಕ್ಡ್‌ಇನ್ ನೋಡಿಕೊಂಡು ಬರೆಯಬೇಡಿ, ನೆನಪಿನಿಂದ ಬರೆಯಿರಿ. ಹಳೆ ಮೇಲ್, ಹಳೆ ಗಿಟ್ ಲಾಗ್ ನೆನಪಿಸಿಕೊಳ್ಳಿ. ನಿಮ್ಮ ಕೋಡ್ ರಿವ್ಯೂ ಮಾಡಿದವರು, ನೀವು ಯಾರ ಕೋಡ್ ರಿವ್ಯೂ ಮಾಡಿದ್ದಿರೋ ಅವರು, ಪ್ರಾಡಕ್ಟ್ ಕಡೆಯವರು, ಸಪೋರ್ಟ್‌ನವರು, ಇಂಟರ್ನ್ ಆಗಿ ಬಂದು ಹೋದ ಹುಡುಗರು. ಜನ ಈ ಕೊನೆಯವರನ್ನು ಮರೆಯುತ್ತಾರೆ. ನೀವು ಕೂರಿಸಿಕೊಂಡು ಡೀಬಗ್ ಮಾಡುವುದನ್ನು ಕಲಿಸಿದ ಹುಡುಗಿ ಈಗ ಎಲ್ಲೋ ಟೀಮ್ ಲೀಡ್ ಆಗಿರುತ್ತಾಳೆ. ನನಗೆ ಕೆಲಸ ಸಿಕ್ಕಿದ್ದು ಅಂಥ ಒಬ್ಬಳಿಂದಲೇ, ಆಕೆ ಆಗ ನನಗಿಂತ ಎರಡು ಹಂತ ಮೇಲಿದ್ದಳು.

ಆಮೇಲೆ ದಿನಕ್ಕೆ ಇಬ್ಬರು ಮೂವರಿಗೆ ಮಾತ್ರ ಬರೆಯಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ. ಎಲ್ಲರಿಗೂ ಒಂದೇ ಮೆಸೇಜ್ ಕಾಪಿ ಮಾಡಿದರೆ ಮೊದಲ ಸಾಲಿನಲ್ಲೇ ವಾಸನೆ ಬರುತ್ತದೆ.

"ಕೆಲಸ ಇದೆಯಾ" ಅಂತ ಕೇಳಬೇಡಿ. ಅದಕ್ಕೆ "ಇಲ್ಲ" ಅನ್ನುವುದು ಸುಲಭ, ಅಲ್ಲಿಗೆ ಮಾತು ಮುಗಿಯಿತು. "ನಿಮ್ಮ ಕಡೆ ಪ್ಲಾಟ್‌ಫಾರ್ಮ್ ಟೀಮು ಏನು ಮಾಡುತ್ತಿದೆ, ಯಾರನ್ನು ಕೇಳಿದರೆ ಗೊತ್ತಾಗುತ್ತದೆ" ಅಂತ ಕೇಳಿ. ಅದಕ್ಕೆ ಒಂದು ಹೆಸರು ಸಿಗುತ್ತದೆ. ಆ ಹೆಸರು ಮುಖ್ಯ.

ನಲ್‌ಪಾಯಿಂಟರ್
ಇದನ್ನು ಒಪ್ಪುವುದಿಲ್ಲ. ಸುಮ್ನೆ ಸುತ್ತಿ ಬಳಸಿ ಕೇಳಿದರೆ ನನಗೆ ಇನ್ನೂ ಸಿಟ್ಟು. ನಾಲ್ಕು ಮೆಸೇಜ್ ಹವಾಮಾನ, ಮನೆಮಂದಿ, ಆರೋಗ್ಯ ಆದ ಮೇಲೆ ಐದನೆಯದರಲ್ಲಿ "ಅಂದ ಹಾಗೆ" ಅಂತ ಬರುತ್ತದೆ. ಬಂದ ವಿಷಯ ಮೊದಲೇ ಹೇಳಿ ಮಾರಾಯ್ರೇ. ನನಗೆ ಕೆಲಸ ಹೋಗಿದೆ, ಇಂಥದ್ದು ಹುಡುಕುತ್ತಿದ್ದೇನೆ. ಮುಗಿಯಿತು.

ಎರಡನೇ_ಇನ್ನಿಂಗ್ಸ್
ಸುತ್ತಿ ಬಳಸಿ ಅಂತ ನಾನೆಲ್ಲಿ ಹೇಳಿದೆ? ಕೆಲಸ ಹುಡುಕುತ್ತಿದ್ದೇನೆ ಅಂತ ಮೊದಲ ಸಾಲಿನಲ್ಲೇ ಹೇಳಿ. ಆದರೆ ಕೇಳುವ ಪ್ರಶ್ನೆ ಅವರ ಕೈಲಿ ಉತ್ತರ ಕೊಡಲು ಆಗುವಂಥದ್ದಿರಲಿ. ಕೆಲಸ ಕೊಡುವುದು ಅವರ ಕೈಯಲ್ಲಿ ಇಲ್ಲ, ಹೆಸರು ಕೊಡುವುದು ಇದೆ.

ನಲ್‌ಪಾಯಿಂಟರ್
ಹಾಂ, ಹಾಗಾದರೆ ಸರಿ.

ಗಿಟ್‌ಗೊಂದಲ
ನನ್ನಂಥ ಮಾತು ಕಡಿಮೆ ಇರುವವರು ಏನು ಮಾಡಬೇಕು? ಮೀಟಪ್‌ಗೆ ಹೋದರೆ ಗೋಡೆ ಪಕ್ಕ ನಿಂತು ಫೋನ್ ನೋಡಿಕೊಂಡು ವಾಪಸ್ ಬರುತ್ತೇನೆ.

ಟೆಸ್ಟರಮ್ಮ
ಭಾಷಣ ಮಾಡಿ. ನಿಜವಾಗಲೂ. ಹತ್ತು ನಿಮಿಷದ ಚಿಕ್ಕ ಮಾತು. ಆಮೇಲೆ ಜನ ತಾವಾಗಿಯೇ ನಿಮ್ಮ ಹತ್ತಿರ ಬರುತ್ತಾರೆ, ನೀವು ಮಾತು ಶುರು ಮಾಡಬೇಕಾಗಿಲ್ಲ.

ಗಿಟ್‌ಗೊಂದಲ
ಮಾತು ಬರುವುದಿಲ್ಲ ಅಂದವನಿಗೆ ಭಾಷಣ ಮಾಡು ಅನ್ನುತ್ತೀರಲ್ಲ 😅

ಸಾಲುಸಾಲು_ಲಾಗ್
ಬರೆಯಿರಿ. ನೀವು ಬಿಡಿಸಿದ ಒಂದು ಹಾಳು ಬಗ್ ಬಗ್ಗೆ ಬರೆಯಿರಿ. "ಕಾಫ್ಕಾ ಅಂದರೇನು" ಅಂತ ಬೇಡ, ಅದು ಸಾವಿರ ಕಡೆ ಇದೆ. "ಕನ್ಸ್ಯೂಮರ್ ಗ್ರೂಪ್ ಮತ್ತೆ ಮತ್ತೆ ರೀಬ್ಯಾಲೆನ್ಸ್ ಆಗುತ್ತಿತ್ತು, ಯಾಕಂದರೆ ಒಂದು ಬ್ಯಾಚ್ ಪ್ರೊಸೆಸ್ ಮಾಡಲು ಮ್ಯಾಕ್ಸ್ ಪೋಲ್ ಇಂಟರ್ವಲ್‌ಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿತ್ತು" ಅಂತ ಬರೆಯಿರಿ. ಅದನ್ನು ಹುಡುಕಿಕೊಂಡು ಬರುವವನು ಅದೇ ನೋವಿನಲ್ಲಿ ಇರುತ್ತಾನೆ. ಅವನ ಟೀಮಿಗೆ ಬೇಕಾದ ಮನುಷ್ಯ ನೀವೇ.

ರೀಬೇಸ್‌ರಾಜ
ಓಪನ್ ಸೋರ್ಸ್ ಅಂತ ಯಾರೂ ಹೇಳಲಿಲ್ಲವಲ್ಲ ಇನ್ನೂ. ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಕಳಿಸಬಹುದಾದ ದೊಡ್ಡ ಪ್ರಾಜೆಕ್ಟಿಗೆ ಹೋಗಿ ಪ್ಯಾಚ್ ಕಳಿಸಿ, ನಿಮ್ಮ ಕೋಡೇ ನಿಮ್ಮ ಪರಿಚಯ.

ಟೆಸ್ಟರಮ್ಮ
ಮನೆ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ ಸಂಜೆ ಹೊತ್ತು ಎಲ್ಲಿಂದ ಬರಬೇಕು? ಪ್ಯಾಚ್ ಒಳಗೆ ಹೋಗಲು ತಿಂಗಳುಗಟ್ಟಲೆ ಆಗುತ್ತದೆ. ನಾಳೆ ಕೆಲಸ ಬೇಕಾದವರಿಗೆ ಈ ಸಲಹೆ ಬೇಡ.

ರೀಬೇಸ್‌ರಾಜ
ನಾಳೆಗಲ್ಲ, ಮುಂದಿನ ಸಲಕ್ಕೆ. ಮತ್ತೆ ಪ್ಯಾಚೇ ಆಗಬೇಕು ಅಂತ ಏನಿಲ್ಲ. ನೀವು ದಿನಾ ಬಳಸುವ ಲೈಬ್ರರಿಯ ಇಶ್ಯೂ ಪಟ್ಟಿಯಲ್ಲಿ ಒಂದು ಬಗ್ಗನ್ನು ಸರಿಯಾಗಿ ಮರುಸೃಷ್ಟಿಸಿ ತೋರಿಸಿದರೂ ಅದನ್ನು ನೋಡಿಕೊಳ್ಳುವ ಮೇಂಟೇನರ್ ನಿಮ್ಮ ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಅವರಿಗೆ ಅದೇ ದೊಡ್ಡ ಉಪಕಾರ. ಹೇಗೂ ಕೆಲಸದ ವೇಳೆಯಲ್ಲೇ ಆ ಬಗ್ ನಿಮ್ಮ ತಲೆ ತಿಂದಿರುತ್ತದೆ.

ಸಿಪ್ರೇಮಿ
ನಿಮ್ಮ ಕೋಡೇ ನಿಮ್ಮ ಪರಿಚಯ ಅಂತೆ. ಮ್ಯಾಕ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲು ಬಳಸುವ ಹೋಮ್‌ಬ್ರೂ ಬರೆದ ಮ್ಯಾಕ್ಸ್ ಹೋವೆಲ್ ಗೂಗಲ್ ಇಂಟರ್‌ವ್ಯೂನಲ್ಲಿ ಬೈನರಿ ಟ್ರೀ ತಿರುಗಿಸಲಿಲ್ಲ ಅಂತ ನಪಾಸಾದೆ ಅಂತ 2015ರಲ್ಲಿ ಟ್ವೀಟ್ ಮಾಡಿದ್ದರು. ಅಲ್ಲಿನ ಎಂಜಿನಿಯರ್‌ಗಳೇ ಅವರ ಸಾಫ್ಟ್‌ವೇರ್ ಬಳಸುತ್ತಿದ್ದರು. ಕೋಡೂ ಇತ್ತು, ಹೆಸರೂ ಇತ್ತು. ಏನಾಯಿತು?

ನಲ್‌ಪಾಯಿಂಟರ್
ಹತ್ತು ವರ್ಷ ಆಯಿತು, ಆ ಟ್ರೀಯನ್ನು ಜನ ಇನ್ನೂ ತಿರುಗಿಸುತ್ತಲೇ ಇದ್ದಾರೆ.

ಮಧ್ಯರಾತ್ರಿ_ಡಿಪ್ಲಾಯ್
ಇಂಟರ್‌ವ್ಯೂವರೆಗೆ ಹೋದರಲ್ಲ. ಇಲ್ಲಿ ಚರ್ಚೆ ಅಲ್ಲಿಯವರೆಗೆ ಹೋಗುವುದು ಹೇಗೆ ಅಂತ.

ಕ್ಯಾಶ್‌ಮಿಸ್
ಐದು ನಿಮಿಷದಲ್ಲಿ ಬರುವ ಮೇಲ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ನೇಮಕಾತಿ ಸಾಫ್ಟ್‌ವೇರ್ ಮಾಡುವ ಕಡೆ ಇದ್ದವಳು. ರೆಸ್ಯೂಮೆಯಲ್ಲಿ ಪದ ಇಲ್ಲ ಅಂತ ಯಂತ್ರ ಎಸೆಯಿತು ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಬೇಗ ಬರುವ ಉತ್ತರಕ್ಕೆ ಸಾಮಾನ್ಯವಾಗಿ ಕಾರಣ ಫಾರ್ಮಿನ ಕೊನೆಯ ಪ್ರಶ್ನೆಗಳು. ವೀಸಾ ಬೇಕಾ, ಇಂಥ ಊರಿಗೆ ಬರುತ್ತೀರಾ, ಇಂಥದ್ದರಲ್ಲಿ ಎಷ್ಟು ವರ್ಷ ಅನುಭವ, ಸಂಬಳ ಎಷ್ಟು ಬೇಕು. ಒಂದಕ್ಕೆ ಅವರು ಇಟ್ಟ ಗೆರೆ ದಾಟಿದರೆ ತಾನಾಗಿಯೇ ಮೇಲ್ ಹೋಗುತ್ತದೆ. ರೆಸ್ಯೂಮೆ ಯಾರೂ ತೆರೆದೇ ಇರುವುದಿಲ್ಲ. ಹಳೇಕೋಡು, ಗೋ ಎಷ್ಟು ವರ್ಷ ಅಂತ ಕೇಳಿದಾಗ ಏನು ಹಾಕುತ್ತಿದ್ದೀರಿ?

ಹಳೇಕೋಡು
ಒಂದು ಅಂತ. ನಿಜ ಅಷ್ಟೇ ಇರುವುದು.

ಕ್ಯಾಶ್‌ಮಿಸ್
ಸುಳ್ಳು ಹೇಳಿ ಅನ್ನುವುದಿಲ್ಲ. ಆದರೆ ಮೂರು ವರ್ಷ ಬೇಕು ಅಂದ ಕಡೆ ಆ ಬಾಗಿಲಿನಿಂದ ಹೋಗಬೇಡಿ, ವೇಳೆ ಹಾಳು. ಅಂಥ ಕಡೆಗೇ ಪರಿಚಯ ಬೇಕಾಗುವುದು. ಒಳಗಿನ ಮನುಷ್ಯ "ಜಾವಾದಲ್ಲಿ ಗಟ್ಟಿ, ಗೋ ಒಂದು ತಿಂಗಳಲ್ಲಿ ಹಿಡಿಯುತ್ತಾನೆ" ಅಂತ ಹೇಳಬಲ್ಲ. ಫಾರ್ಮಿಗೆ ಅದನ್ನು ಹೇಳಲು ಜಾಗ ಇಲ್ಲ.

ಗಿಟ್‌ಗೊಂದಲ
ಲಿಂಕ್ಡ್‌ಇನ್ ಫೋಟೋಗೆ "ಕೆಲಸಕ್ಕೆ ಸಿದ್ಧ" ಅನ್ನುವ ಆ ಹಸಿರು ಪಟ್ಟಿ ಹಾಕಬೇಕಾ? ಕೆಲಸ ಇಲ್ಲ ಅಂತ ಊರಿಗೆಲ್ಲ ಸಾರಿದ ಹಾಗೆ ಆಗುವುದಿಲ್ಲವಾ?

ರೀಬೇಸ್‌ರಾಜ
ಹಾಕಬೇಡಿ. ಬೇರೆ ಯಾರೂ ತೆಗೆದುಕೊಳ್ಳಲಿಲ್ಲ ಅನ್ನಿಸುತ್ತದೆ.

ಎರಡನೇ_ಇನ್ನಿಂಗ್ಸ್
ಹಾಕಿ. ಊರಿಗೆಲ್ಲ ಸಾರಬೇಕಾದ ವಿಷಯವೇ ಅದು. ನಿಮ್ಮ ಹಳೆ ಸಹೋದ್ಯೋಗಿಗೆ ಗೊತ್ತಾಗಬೇಕು ಅಂತ ಮೇಲೆ ಹೇಳಿದರಲ್ಲ.

ಮಧ್ಯರಾತ್ರಿ_ಡಿಪ್ಲಾಯ್
ನಾನು ಆ ಪಟ್ಟಿ ನೋಡಿ ಯಾರನ್ನೂ ಬಿಟ್ಟಿಲ್ಲ, ಯಾರನ್ನೂ ಕರೆದೂ ಇಲ್ಲ. ಇನ್ನೂ ಕೆಲಸದಲ್ಲಿ ಇದ್ದುಕೊಂಡು ಹುಡುಕುವವರಾದರೆ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಆಯ್ಕೆ ಇದೆ, ಅದು ಸಾಕು. ಅದರಲ್ಲೂ ನಿಮ್ಮ ಕಂಪನಿಯವರಿಗೆ ಖಂಡಿತ ಕಾಣುವುದಿಲ್ಲ ಅಂತ ಲಿಂಕ್ಡ್‌ಇನ್ ಭರವಸೆ ಕೊಡುವುದಿಲ್ಲ, ನೆನಪಿರಲಿ.

ಟೆಸ್ಟರಮ್ಮ
ಪಟ್ಟಿಗಿಂತ ಕೆಟ್ಟದ್ದು ಆ ಪೋಸ್ಟ್‌ಗಳು. "ಇಂದು ನನ್ನನ್ನು ಕೆಲಸದಿಂದ ತೆಗೆದರು." ಒಂದು ಸಾಲು ಖಾಲಿ. "ಅದೇ ನನ್ನ ಜೀವನದ ಅತ್ಯುತ್ತಮ ದಿನ." ಒಂದು ಸಾಲು ಖಾಲಿ. "ಹನ್ನೊಂದು ಪಾಠಗಳು ಇಲ್ಲಿವೆ."

ನಲ್‌ಪಾಯಿಂಟರ್
ಕೆಳಗೆ ನೂರು ಜನ "ತುಂಬಾ ಸ್ಫೂರ್ತಿದಾಯಕ" ಅಂತ. ಅದರಲ್ಲಿ ಅರ್ಧ ಯಂತ್ರ ಬರೆದದ್ದು.

ಕ್ಯಾಶ್‌ಮಿಸ್
ನೆಟ್‌ವರ್ಕ್ ಹುಡುಕುವಾಗ ಒಂದು ಎಚ್ಚರಿಕೆ. ತಾವಾಗಿಯೇ ಬಂದು ಒಳ್ಳೆ ಕೆಲಸ ಇದೆ ಅನ್ನುವ ರಿಕ್ರೂಟರ್‌ಗಳು ಎಲ್ಲರೂ ರಿಕ್ರೂಟರ್‌ಗಳಲ್ಲ. "ಈ ರೆಪೊ ಕ್ಲೋನ್ ಮಾಡಿ, ಎನ್‌ಪಿಎಂ ಇನ್‌ಸ್ಟಾಲ್ ಹೊಡೆದು ಬಗ್ ಸರಿ ಮಾಡಿ" ಅಂತ, ಅಂದರೆ ಅವರ ಕೋಡ್ ಇಳಿಸಿಕೊಂಡು ಅದಕ್ಕೆ ಬೇಕಾದ ಪ್ಯಾಕೇಜ್‌ಗಳನ್ನು ಹಾಕಿಕೊಳ್ಳುವ ಪರೀಕ್ಷೆ ಕೊಡುತ್ತಾರೆ, ಅದರಲ್ಲೇ ಮಾಲ್‌ವೇರ್ ಇರುತ್ತದೆ. ಇನ್‌ಸ್ಟಾಲ್ ಆಗುವಾಗಲೇ ಸ್ಕ್ರಿಪ್ಟ್ ಓಡಿ ಬ್ರೌಸರ್‌ನ ಪಾಸ್‌ವರ್ಡ್, ಕ್ರಿಪ್ಟೊ ವಾಲೆಟ್ ಎಲ್ಲ ಹೊರಗೆ ಹೋಗುತ್ತದೆ. 2022ರಲ್ಲಿ ಆಕ್ಸಿ ಇನ್ಫಿನಿಟಿ ಆಟದ ರೋನಿನ್ ಅನ್ನುವ ಕ್ರಿಪ್ಟೊ ನೆಟ್‌ವರ್ಕ್‌ನಿಂದ 60 ಕೋಟಿ ಡಾಲರ್‌ಗಿಂತ ಜಾಸ್ತಿ ಕದ್ದರಲ್ಲ, ಅದು ಶುರುವಾಗಿದ್ದು ಒಬ್ಬ ಸೀನಿಯರ್ ಎಂಜಿನಿಯರ್‌ಗೆ ಬಂದ ನಕಲಿ ಕೆಲಸದ ಆಫರ್‌ನಿಂದ ಅಂತ ವರದಿಯಾಗಿತ್ತು. ಆಫರ್ ಲೆಟರ್ ಅಂತ ಬಂದ ಪಿಡಿಎಫ್ ತೆರೆದಿದ್ದರಂತೆ.

ರೀಬೇಸ್‌ರಾಜ
ಅಂಥ ರೆಪೊಗಳನ್ನು ವರ್ಚುವಲ್ ಮೆಷಿನ್‌ನಲ್ಲಿ ಮಾತ್ರ ತೆರೆಯಿರಿ. ಪ್ಯಾಕೇಜ್ ಫೈಲಿನಲ್ಲಿ ಪೋಸ್ಟ್‌ಇನ್‌ಸ್ಟಾಲ್, ಅಂದರೆ ತಾನಾಗಿ ಓಡುವ ಸ್ಕ್ರಿಪ್ಟ್, ಏನಿದೆ ಅಂತ ಮೊದಲು ನೋಡಿ. ಕೆಲಸ ಇಲ್ಲದ ಆತುರದಲ್ಲಿ ಇದನ್ನೆಲ್ಲ ಯಾರೂ ನೋಡುವುದಿಲ್ಲ, ಅದೇ ಅವರ ಲೆಕ್ಕಾಚಾರ.

ಸಾಲುಸಾಲು_ಲಾಗ್
ನಿಜವಾದ ಏಜೆನ್ಸಿಗಳ ಬಗ್ಗೆಯೂ ಒಂದು ಮಾತು. ಅವರಿಗೆ ದುಡ್ಡು ಕೊಡುವುದು ಕಂಪನಿ, ನೀವಲ್ಲ. ಹಾಗಾಗಿ ಅವರು ದುಡಿಯುವುದೂ ಕಂಪನಿಗೇ. ನಿಮ್ಮ ರೆಸ್ಯೂಮೆಯನ್ನು ಎಲ್ಲಿಗೆ ಕಳಿಸುತ್ತಾರೆ ಅಂತ ಮೊದಲೇ ಕೇಳಿ ಒಪ್ಪಿಗೆ ಕೊಡಿ. ಇಬ್ಬರು ಏಜೆಂಟರು ಒಂದೇ ಕಂಪನಿಗೆ ನಿಮ್ಮ ಹೆಸರು ಕಳಿಸಿದರೆ ಕಮಿಷನ್ ಯಾರಿಗೆ ಅನ್ನುವ ಜಗಳ ಬೇಡ ಅಂತ ಎಷ್ಟೋ ಕಡೆ ನಿಮ್ಮನ್ನೇ ಕೈಬಿಡುತ್ತಾರೆ.

ಗಿಟ್‌ಗೊಂದಲ
ಮೊದಲು ಡೆವಲಪರ್‌ಗಳ ಪ್ರಶ್ನೋತ್ತರ ಸೈಟ್ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಕೆಲಸದ ವಿಭಾಗ ಇತ್ತಲ್ಲ, ಅದು ಚೆನ್ನಾಗಿತ್ತು.

ರೀಬೇಸ್‌ರಾಜ
2022ರಲ್ಲಿ ಮುಚ್ಚಿದರು. ಹ್ಯಾಕರ್ ನ್ಯೂಸ್ ಅನ್ನುವ ಟೆಕ್ ಚರ್ಚೆಯ ಸೈಟಿನಲ್ಲಿ ತಿಂಗಳ ಶುರುವಿನಲ್ಲಿ "ಯಾರು ತೆಗೆದುಕೊಳ್ಳುತ್ತಿದ್ದಾರೆ" ಅಂತ ಒಂದು ಪಟ್ಟಿ ಬರುತ್ತದೆ, ಅದನ್ನು ನೋಡಿ. ಎಷ್ಟೋ ಕಡೆ ಎಂಜಿನಿಯರ್‌ಗಳೇ ಬರೆದಿರುತ್ತಾರೆ, ಮೇಲ್ ನೇರ ಅವರಿಗೇ ಹೋಗುತ್ತದೆ. "ಯಾರಿಗೆ ಕೆಲಸ ಬೇಕು" ಅಂತ ಇನ್ನೊಂದು ಪಟ್ಟಿಯೂ ಇದೆ, ಅಲ್ಲಿ ನೀವು ಹೆಸರು ಹಾಕಬಹುದು.

ಹಳೇಕೋಡು
ಎಲ್ಲರಿಗೂ ಥ್ಯಾಂಕ್ಸ್. ಹಾಳೆಯಲ್ಲಿ ಹೆಸರು ಬರೆದೆ, ಅಂದುಕೊಂಡದ್ದಕ್ಕಿಂತ ಉದ್ದ ಆಯಿತು. ಮೊದಲ ಮೆಸೇಜ್ ಹೀಗೆ ಬರೆದಿದ್ದೇನೆ, ಕಳಿಸುವ ಮೊದಲು ನೋಡಿ ಹೇಳಿ:

"ನಮಸ್ಕಾರ, ಹೇಗಿದ್ದೀರಿ? ನನ್ನ ನೆನಪಿದೆ ಅಂದುಕೊಳ್ಳುತ್ತೇನೆ. ತುಂಬಾ ದಿನಗಳಿಂದ ಸಂಪರ್ಕದಲ್ಲಿ ಇಲ್ಲದ್ದಕ್ಕೆ ಕ್ಷಮೆ ಇರಲಿ. ಹಠಾತ್ತಾಗಿ ತೊಂದರೆ ಕೊಡುತ್ತಿದ್ದೇನೆ. ನಾನು ಈಗ ಹೊಸ ಅವಕಾಶಗಳನ್ನು ಎದುರು ನೋಡುತ್ತಿದ್ದೇನೆ. ನಿಮ್ಮ ಕಂಪನಿಯಲ್ಲಿ ನನಗೆ ಹೊಂದುವ ಯಾವುದೇ ಕೆಲಸ ಇದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ."

ನಲ್‌ಪಾಯಿಂಟರ್
ಕ್ಷಮೆ ತೆಗೆಯಿರಿ. ತೊಂದರೆ ತೆಗೆಯಿರಿ. ಅರ್ಧ ಮೆಸೇಜ್ ಖಾಲಿ ಆಯಿತು ನೋಡಿ.

ಕ್ಯಾಶ್‌ಮಿಸ್
"ಯಾವುದೇ ಕೆಲಸ" ಅನ್ನುವುದೇ ತೊಂದರೆ. ಅವರು ಈಗ ನಿಮ್ಮ ರೆಸ್ಯೂಮೆ ಓದಿ, ತಮ್ಮ ಕಂಪನಿಯ ಕೆಲಸದ ಪಟ್ಟಿ ಓದಿ, ಹೊಂದಿಸಿ ನೋಡಬೇಕು. ಅದು ನಿಮ್ಮ ಕೆಲಸ, ಅವರ ಮೇಲೆ ಹಾಕಬೇಡಿ. ಅವರ ಕಂಪನಿಯ ಪುಟ ನೀವೇ ನೋಡಿ ಒಂದು ಕೆಲಸ ಆರಿಸಿ, ಅದರ ಲಿಂಕ್ ಹಾಕಿ. ಅವರೊಂದಿಗೆ ಮಾಡಿದ ಯಾವ ಕೆಲಸ ಇದಕ್ಕೆ ಹೊಂದುತ್ತದೆ ಅಂತಲೂ ಹೇಳಿ.

ಎರಡನೇ_ಇನ್ನಿಂಗ್ಸ್
ಹೀಗೆ ಬರೆಯಬಹುದು, ವಿವರ ನೀವು ಬದಲಿಸಿಕೊಳ್ಳಿ:

"ನಮಸ್ಕಾರ. ಆರ್ಡರ್ ಸರ್ವೀಸ್ ಒಡೆದು ಎರಡು ಮಾಡಿದಾಗ ನೀವು ಡೇಟಾಬೇಸ್ ಕಡೆ, ನಾನು ಕಾಫ್ಕಾ ಕಡೆ ಇದ್ದೆವು. ನಮ್ಮ ಟೀಮನ್ನು ಕಂಪನಿ ಮುಚ್ಚಿತು, ಹಾಗಾಗಿ ಕೆಲಸ ಹುಡುಕುತ್ತಿದ್ದೇನೆ. ನಿಮ್ಮಲ್ಲಿ ಪೇಮೆಂಟ್ಸ್ ಟೀಮಿಗೆ ಸೀನಿಯರ್ ಬ್ಯಾಕೆಂಡ್ ಬೇಕು ಅಂತ ಪುಟದಲ್ಲಿ ಇದೆ, ಲಿಂಕ್ ಕೆಳಗಿದೆ. ಆ ಟೀಮು ಹೇಗಿದೆ, ಯಾರ ಜೊತೆ ಮಾತಾಡಿದರೆ ಒಳ್ಳೆಯದು ಅಂತ ನಿಮಗೆ ಗೊತ್ತಿದ್ದರೆ ಹೇಳುತ್ತೀರಾ? ನನ್ನ ಬಗ್ಗೆ ನಾಲ್ಕು ಸಾಲು ಕೆಳಗೆ ಬರೆದಿದ್ದೇನೆ, ಯಾರಿಗಾದರೂ ಕಳಿಸುವುದಿದ್ದರೆ ಹಾಗೇ ಕಳಿಸಬಹುದು."

ಆ ಕೊನೆಯ ನಾಲ್ಕು ಸಾಲು ಮುಖ್ಯ. "ಇವರು" ಅಂತ ಬರೆಯಿರಿ, "ನಾನು" ಅಂತ ಬೇಡ. ಅವರು ಕಾಪಿ ಮಾಡಿ ತಮ್ಮ ಮ್ಯಾನೇಜರ್‌ಗೆ ಅಂಟಿಸಿದರೆ ಕೆಲಸ ಮುಗಿಯಬೇಕು. ಜನ ಸಹಾಯ ಮಾಡದಿರುವುದಕ್ಕೆ ಮನಸ್ಸಿಲ್ಲದಿರುವುದು ಕಾರಣ ಅಲ್ಲ, ಕೂತು ಬರೆಯಲು ಹತ್ತು ನಿಮಿಷ ಸಿಗದಿರುವುದು ಕಾರಣ.

ಸಿಪ್ರೇಮಿ
ಇದು ಚೆನ್ನಾಗಿದೆ. ಹಲ್ಲು ಗಿಂಜುವುದು ಏನೂ ಇಲ್ಲ ಇದರಲ್ಲಿ. ನಾನೂ ಕದಿಯುತ್ತೇನೆ.

ಟೆಸ್ಟರಮ್ಮ
ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಆಮೇಲೆ ಬಿಡಿ. ಉತ್ತರ ಕೊಟ್ಟವರಿಗೆ ಏನಾಯಿತು ಅಂತ ತಿಳಿಸಿ, ಕೆಲಸ ಸಿಗದಿದ್ದರೂ. ನಾನು ರೆಫರ್ ಮಾಡಿದ ಎಷ್ಟೋ ಜನ ಏನಾದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಥವರು ಮತ್ತೆ ಬಂದರೆ ಸ್ವಲ್ಪ ನಿಧಾನ ಮಾಡುತ್ತೇನೆ, ನಿಜ ಹೇಳಬೇಕಂದರೆ.

ಹಳೇಕೋಡು
ಮೂವರಿಗೆ ಕಳಿಸಿದೆ. ಒಬ್ಬರು ಆಗಲೇ ಉತ್ತರ ಕೊಟ್ಟರು, "ಎಲ್ಲಿ ಹೋಗಿದ್ದೆ ಇಷ್ಟು ದಿನ" ಅಂತ ಬೈದು, ರೆಫರ್ ಮಾಡುತ್ತೇನೆ ಅಂದರು. ಆದರೆ ಒಂದು ತೊಡಕು. ಅದೇ ಕಂಪನಿಗೆ ನಾನು ಹೋದ ತಿಂಗಳೇ ಸೈಟಿನಿಂದ ಅರ್ಜಿ ಹಾಕಿದ್ದೇನೆ. ಈಗ ರೆಫರಲ್ ಹೋಗುತ್ತದಾ?

ಮಧ್ಯರಾತ್ರಿ_ಡಿಪ್ಲಾಯ್
ಕಂಪನಿ ಮೇಲೆ ಹೋಗುತ್ತದೆ. ಎಷ್ಟೋ ಕಡೆ ಮೊದಲು ಅರ್ಜಿ ಸಿಸ್ಟಮ್‌ನಲ್ಲಿ ಇದ್ದರೆ ಆಮೇಲೆ ಬಂದ ರೆಫರಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಮ್ಮ ಸ್ನೇಹಿತರಿಗೆ ಬೋನಸ್ ಸಿಗುವುದಿಲ್ಲ. ಇನ್ನು ಮುಂದೆ ಒಳಗೆ ಯಾರಿದ್ದಾರೆ ಅಂತ ನೋಡಿಯೇ ಅರ್ಜಿ ಹಾಕಿ. ಈಗಿನದಕ್ಕೆ, ಹೋದ ತಿಂಗಳು ಹಾಕಿದ್ದು ಬೇರೆ ಕೆಲಸಕ್ಕಾ, ಇದಕ್ಕೇನಾ?

ಹಳೇಕೋಡು
ಬೇರೆ ಟೀಮು. ಆ ಅರ್ಜಿ ಇನ್ನೂ "ಪರಿಶೀಲನೆಯಲ್ಲಿದೆ" ಅಂತಲೇ ತೋರಿಸುತ್ತಿದೆ.

ಮಧ್ಯರಾತ್ರಿ_ಡಿಪ್ಲಾಯ್
ಹಾಗಾದರೆ ಈ ವಿಷಯವನ್ನು ಅವರಿಗೆ ಮೊದಲೇ ಹೇಳಿಬಿಡಿ, ಫಾರ್ಮಿನಲ್ಲಿ ನಿಮ್ಮ ಮೇಲ್ ಹಾಕಿದ ಕೂಡಲೇ ಹಳೆ ಅರ್ಜಿ ಕಾಣುತ್ತದೆ. ಫಾರ್ಮ್ ತೆಗೆದುಕೊಳ್ಳದಿದ್ದರೂ ಪರವಾಗಿಲ್ಲ, ಆ ನಾಲ್ಕು ಸಾಲನ್ನು ಈಗ ಕೇಳಿದ ಟೀಮಿನ ಮ್ಯಾನೇಜರ್‌ಗೆ ನೇರವಾಗಿ ಕಳಿಸಲು ಹೇಳಿ. ಬೋನಸ್ ಹೋದರೂ ಮಾಡುತ್ತಾರಾ ಅಂತ ಕೇಳಿ ನೋಡಿ.

ಹಳೇಕೋಡು
ಕೇಳಿದೆ. "ಬೋನಸ್ ಯಾರಿಗೆ ಬೇಕು, ಆ ಟೀಮಿನಲ್ಲಿ ಕಾಫ್ಕಾ ನೋಡಲು ಯಾರೂ ಇಲ್ಲ, ನಾನೇ ರಾತ್ರಿ ಏಳುತ್ತಿದ್ದೇನೆ" ಅಂದರು.

ನಲ್‌ಪಾಯಿಂಟರ್
ಆನ್-ಕಾಲ್, ಅಂದರೆ ಸಿಸ್ಟಮ್ ಕೆಟ್ಟಾಗ ರಾತ್ರಿ ಏಳುವ ಸರದಿ, ಎಷ್ಟು ಜನರ ಮಧ್ಯೆ ಹಂಚಿಕೊಂಡಿದ್ದಾರೆ ಅಂತ ಈಗಲೇ ಕೇಳಿಕೊಳ್ಳಿ.